ಬಿದ್ದವಳು ‘ಬೀಳ್ದೆ’ ಎಂದಾಗ

ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ಅಂಗಳದಲ್ಲಿ ಓಡಿ, ಎಡವಿ ಬಿದ್ದು, ಎದ್ದು ಬಂದು ‘ಅಮ್ಮ, ನಾನ್ ಬೀಳ್ದೆ’ ಎನ್ನುತ್ತಾಳೆ. ಕೈಯಲ್ಲಿದ್ದ ಬಾಳೆಹಣ್ಣನ್ನು ಪಕ್ಕದ ಮನೆಯ ಮಾಣಿಗೆ ಕೊಟ್ಟು ಬಂದರೆ ‘ಕೊಡ್ದೆ’ ಎಂದು ವರದಿ ಒಪ್ಪಿಸುತ್ತಾಳೆ. ನಮ್ಮೂರು ಬೀಜಾಡಿಯಲ್ಲಿ ಹಾಗೆ ಹೇಳುವ ದೊಡ್ಡವರು ಯಾರೂ ಇಲ್ಲ. ಹುಟ್ಟಿದಾಗಿನಿಂದ ಅವಳ ಕಿವಿಗೆ ಬಿದ್ದದ್ದು ‘ಬಿದ್ದೆ’, ‘ಕೊಟ್ಟೆ’ ಮಾತ್ರ. ಕೇಳದೇ ಇದ್ದ ಮಾತು ಬಾಯಿಗೆ ಬಂದದ್ದು ಹೇಗೆ?

ಅದು ಅವಳೇ ಕಟ್ಟಿದ ಮಾತು. ಮಾಡ್ದೆ, ಓಡ್ದೆ, ಆಡ್ದೆ, ಹಾಡ್ದೆ ಎಂದು ದಿನವಿಡೀ ಕೇಳಿ, ಮುಗಿದ ಕೆಲಸಕ್ಕೆ ‘ದೆ’ ಹಚ್ಚಬೇಕೆಂಬ ನಿಯಮವನ್ನು ಅವಳು ತಾನಾಗಿ ಹೆಕ್ಕಿಕೊಂಡಿದ್ದಾಳೆ. ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡುವಷ್ಟು ವ್ಯಾಕರಣ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕೆಲವು ತಿಂಗಳ ಹಿಂದೆ ಇವಳೇ ‘ಬಿದ್ದೆ’ ಎಂದು ಸರಿಯಾಗಿ ಹೇಳುತ್ತಿದ್ದಳು. ಈಗ ಕೆಟ್ಟಿತಲ್ಲ ಎಂದು ಅವಳ ಅಜ್ಜಿಗೆ ಚಿಂತೆ. ನಿಜದಲ್ಲಿ ಇದು ಮುಂದಿನ ಹೆಜ್ಜೆ. ಮೊದಲು ಹೇಳಿದ್ದು ಕೇಳಿದ್ದರ ನಕಲು, ಈಗ ಹೇಳುತ್ತಿರುವುದು ಲೆಕ್ಕ ಹಾಕಿದ್ದು. ನಿಯಮಕ್ಕೆ ಬಗ್ಗದ ಪದಗಳು ಯಾವುವೆಂದು ತಿಳಿದ ಮೇಲೆ ‘ಬಿದ್ದೆ’ ತಾನಾಗಿ ಮರಳುತ್ತದೆ. ಮಕ್ಕಳು ಹೀಗೆ ನಿಯಮ ಹಿಡಿಯುತ್ತಾರೆ ಎಂಬುದನ್ನು 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಬಹಳ ಚಂದದ ಪರೀಕ್ಷೆಯಿಂದ ತೋರಿಸಿದರು. ಎಲ್ಲೂ ಇಲ್ಲದ ಪ್ರಾಣಿಯೊಂದರ ಚಿತ್ರ ಬರೆದು ‘ಇದು ವಗ್’ ಎಂದರು; ಎರಡಿದ್ದರೆ ಏನನ್ನಬೇಕು ಎಂದು ಕೇಳಿದರು. ಮಕ್ಕಳು ‘ವಗ್ಸ್’ ಎಂದರು. ಆ ಪದವನ್ನು ಅವರು ಮೊದಲು ಕೇಳಿರಲು ಸಾಧ್ಯವೇ ಇರಲಿಲ್ಲ.

ಕನ್ನಡದ ಮಕ್ಕಳೇ ಇಂಥ ಒಂದು ಸಂಶೋಧನೆಯ ನಡುವೆ ನಿಂತಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಉಣ್ಣು–ಉಣಿಸು, ಏರು–ಏರಿಸು: ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸಿದರು ಎಂದು ಹೇಳಲು ನಮಗೆ ‘ಇಸು’ ಎಂಬ ಖಚಿತ ಗುರುತಿದೆ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದು ಅಷ್ಟು ನಂಬಿಕೆಯ ಗುರುತಲ್ಲ, ಏಕೆಂದರೆ ಗೊತ್ತಿರುವ ಹೆಸರನ್ನು ನಾವು ಬಿಟ್ಟೇ ಮಾತಾಡುತ್ತೇವೆ. ಸಂಶೋಧಕರಾದ ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ ಮೂರು ವರ್ಷದ ಕನ್ನಡ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ತಾವು ಹೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ಮಕ್ಕಳು ‘ಇಸು’ವನ್ನು ನಂಬಲಿಲ್ಲ, ನಾಮಪದಗಳನ್ನು ಎಣಿಸಿದರು. ಎರಡು ಹೆಸರು ಕೇಳಿದರೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕೆಲಸ ಮಾಡಿಸಿದರು. ಸುತ್ತಲಿನ ಮಾತಿನಲ್ಲಿ ಗಟ್ಟಿಯಾಗಿರುವ ಗುರುತನ್ನು ಬಿಟ್ಟು ಬೇರೊಂದನ್ನು ಹಿಡಿದದ್ದರಿಂದ, ಭಾಷೆಯ ಬಗ್ಗೆ ಕೆಲವು ನಿರೀಕ್ಷೆಗಳನ್ನು ಮಗು ಹುಟ್ಟುವಾಗಲೇ ತರುತ್ತದೆ ಎಂದು 2003ರಲ್ಲಿ ಅವರು ವಾದಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಇದನ್ನು ಓದಿದ ಮೇಲೆ ಮಗಳು ಬಚ್ಚಲ ಬಾಗಿಲಲ್ಲಿ ನಿಂತು, ‘ಇಸು’ ಬಿಟ್ಟು, ‘ಅಜ್ಜಿ, ಗೊಂಬಿನ ಮೀ’ ಎಂದಾಗ ನಾನು ಅದನ್ನು ‘ಮೀಸ್’ ಎಂದು ತಿದ್ದಲು ಹೋಗಲಿಲ್ಲ. ಅಜ್ಜಿ ಇದ್ದಾಳೆ, ಗೊಂಬೆ ಇದೆ. ಯಾರು ಯಾರನ್ನು ಮೀಸಬೇಕೆಂಬುದು ಅವಳ ಲೆಕ್ಕದಲ್ಲಿ ಸ್ಪಷ್ಟವಾಗಿದೆ.

ಭಾಷೆ ಕಲಿಯುವ ಈ ಕೆಲಸ ಬಾಯಿ ಬರುವ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗುವಿಗೆ ಕಿವಿ ಕೇಳುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ದನಿಯನ್ನು ಬೇರೆ ದನಿಗಿಂತ ಹೆಚ್ಚು ಬಯಸುತ್ತದೆ. ಹತ್ತಿ ಮತ್ತು ಹಟ್ಟಿ ನಮಗೆ ಬೇರೆ ಬೇರೆ, ಆದರೆ ಇಂಗ್ಲಿಷ್ ಮಾತ್ರ ಬಲ್ಲವರ ಕಿವಿಗೆ ಆ ತಕಾರ, ಟಕಾರ ಒಂದೇ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಇಂಥ ಜೋಡಿಯನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವುಗಳಿಗೆ ಆ ಶಕ್ತಿ ಇರಲಿಲ್ಲ. 1984ರ ಈ ಫಲಿತಾಂಶದ ಅರ್ಥ ಇಷ್ಟು: ಸುತ್ತ ಕೇಳುವ ಭಾಷೆಗೆ ಬೇಕಾದ ಧ್ವನಿಗಳನ್ನು ಉಳಿಸಿಕೊಂಡು, ಬೇಡದ್ದನ್ನು ಕಿವಿ ಕೈಬಿಡುತ್ತದೆ.

ಮಗಳ ಮೊದಲ ಪದಗಳಲ್ಲಿ ‘ಕಡ್ಲ್’ ಒಂದು. ಮನೆಯ ಪಶ್ಚಿಮಕ್ಕೆ ಸಮುದ್ರ, ಸಂಜೆ ಅಜ್ಜಯ್ಯನ ಹೆಗಲೇರಿ ಹೋಗುವ ಜಾಗ. ಆದರೆ ಕೋಟೇಶ್ವರದ ಕೋಟಿತೀರ್ಥ ಕೆರೆಯೂ ಅವಳಿಗೆ ಕಡ್ಲ್ ಆಯಿತು, ಮಳೆಗಾಲದಲ್ಲಿ ಅಂಗಳದಲ್ಲಿ ನಿಂತ ನೀರೂ ಕಡ್ಲ್ ಆಯಿತು. ಇರುವ ನಾಲ್ಕು ಪದಗಳಿಂದ ಇಡೀ ಲೋಕವನ್ನು ಹೇಳಬೇಕಾದವರು ಮಾಡುವುದೇ ಇದನ್ನು. ‘ಕಡ್ಲ್’ನಂಥ ಪದ ಬೇಗ ಬರುವುದಕ್ಕೂ ಒಂದು ಕಾರಣ ಗೊತ್ತಾಗಿದೆ. ಎಂಐಟಿಯ ದೇಬ್ ರಾಯ್ ತಮ್ಮ ಮನೆಯ ಚಾವಣಿಯಲ್ಲೆಲ್ಲ ಕ್ಯಾಮರಾ, ಮೈಕು ಅಳವಡಿಸಿ, ಮಗನ ಮೊದಲ ಮೂರು ವರ್ಷಗಳಲ್ಲಿ ಸುಮಾರು 90,000 ಗಂಟೆಗಳ ವಿಡಿಯೊ ಕೂಡಿಹಾಕಿದರು. ‘ಗಾಗಾ’ ಎಂಬುದು ತಿಂಗಳುಗಟ್ಟಲೆ ಸವೆದು ‘ವಾಟರ್’ ಆದದ್ದು ಅದರಲ್ಲಿ ದಾಖಲಾಗಿದೆ. ಎಲ್ಲೆಂದರಲ್ಲಿ ಕೇಳುವ ಪದಕ್ಕಿಂತ, ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿನಲ್ಲಿ ಕೇಳುವ ಪದವನ್ನು ಮಗು ಬೇಗ ಆಡುತ್ತದೆ ಎಂದು 2015ರಲ್ಲಿ ಅವರ ತಂಡ ಪ್ರಕಟಿಸಿತು.

ರಾತ್ರಿ ದೀಪ ಆರಿದ ಮೇಲೆ ಇವಳದ್ದು ಇನ್ನೊಂದು ಅಭ್ಯಾಸ. ‘ದೋಣಿ ಬಂತ್, ಬಸ್ ಬಂತ್, ಮಳಿ ಬಂತ್, ಮಳಿ ಹೋಯ್ತ್’ ಎಂದು ಒಬ್ಬಳೇ ಗುನುಗುತ್ತಾಳೆ. ರೂತ್ ವೈರ್ ಎಂಬ ಭಾಷಾವಿಜ್ಞಾನಿ ತಮ್ಮ ಮಗ ನಿದ್ದೆಗೆ ಮುನ್ನ ಆಡುತ್ತಿದ್ದ ಇಂಥ ಮಾತುಗಳನ್ನೇ ಧ್ವನಿಮುದ್ರಿಸಿ 1962ರಲ್ಲಿ ಪುಸ್ತಕ ಮಾಡಿದರು. ವಾಕ್ಯದ ಒಂದು ಜಾಗದಲ್ಲಿ ಪದ ಬದಲಿಸಿ ಬದಲಿಸಿ ನೋಡುವ ಸಾಧಕ ಅದು, ಕೇಳುವವರು ಬೇಕಿಲ್ಲ.

ಹಗಲಿನಲ್ಲಿ ಕೇಳುವವರು ಬೇಕು. ‘ಕಡ್ಲ್ ಎಂತಕೆ ಕೂಗುದು?’ ಎಂಬ ಪ್ರಶ್ನೆಗೆ ‘ಸುಮ್ನಿರ್’ ಎಂದರೆ ಪ್ರಶ್ನೆ ಮತ್ತೆ ಬರುತ್ತದೆ. ಗಾಳಿ ಜೋರಾಗಿ ಅಲೆ ಎದ್ದು ಬೀಳುತ್ತದೆ, ಅದರ ಸದ್ದು ಎಂದರೆ ಒಪ್ಪಿ ಮುಂದಿನದಕ್ಕೆ ಹೋಗುತ್ತಾಳೆ. ಕಾರಣ ಸಿಕ್ಕರೆ ಮಕ್ಕಳು ಮುಂದುವರಿಯುತ್ತಾರೆ, ಸಿಗದಿದ್ದರೆ ಅದೇ ಪ್ರಶ್ನೆಗೆ ಮರಳುತ್ತಾರೆ ಎಂದು 2009ರ ಒಂದು ಅಧ್ಯಯನವೂ ಹೇಳುತ್ತದೆ. ಅವರು ನಮ್ಮನ್ನು ಕಾಡುತ್ತಿಲ್ಲ, ಕಾರಣ ಹುಡುಕುತ್ತಿದ್ದಾರೆ.

ಮುಂದೆ ಶಾಲೆಗೆ ಕಷ್ಟವಾದೀತೆಂದು ಮಗುವಿನೊಂದಿಗೆ ಹರಕು ಇಂಗ್ಲಿಷಿನಲ್ಲಿ ಮಾತಾಡಿ, ಉಳಿದ ಹೊತ್ತು ಮೊಬೈಲ್ ಕೈಗೆ ಕೊಡುವ ಮನೆಗಳು ನಮ್ಮ ಸುತ್ತ ಹೆಚ್ಚುತ್ತಿವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಸಂಶೋಧಕಿ ಪೆಟ್ರೀಷಿಯಾ ಕುಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಲಾಯಿತು. ಎದುರಿಗೆ ಕೂತು ಆಡಿಸಿ ಮಾತಾಡಿದವರಿಂದ ಮಕ್ಕಳು ಅದರ ಧ್ವನಿಗಳನ್ನು ಕಲಿತರು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮನೆಯಲ್ಲಿ ಕುಂದಾಪ್ರ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ, ನೆಂಟರ ಬಾಯಲ್ಲಿ ತುಳು ಇದ್ದರೆ ಮಗು ಗೊಂದಲಗೊಳ್ಳುವುದಿಲ್ಲ. ಜೀವಂತ ಮನುಷ್ಯರು ಅಕ್ಕರೆಯಿಂದ ಆಡುವ ಯಾವ ಮಾತಾದರೂ ಸಾಕು.

ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಹಿರಿಮಗನ ಬಗ್ಗೆ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು 1877ರಲ್ಲಿ ಲೇಖನವಾಗಿ ಪ್ರಕಟಿಸಿದ. ಸರಿಯಾಗಿ ಒಂದು ವರ್ಷವಾದಾಗ ಆ ಮಗು ಊಟಕ್ಕೆ ‘ಮಮ್’ ಎಂಬ ಪದ ಕಟ್ಟಿತ್ತು. ನೀವೂ ಒಂದು ಪುಸ್ತಕ ಇಟ್ಟುಕೊಳ್ಳಿ. ದಿನಾಂಕ ಹಾಕಿ ಮಗುವಿನ ಮಾತನ್ನು ಅದು ಹೇಳಿದ ಹಾಗೆಯೇ ಬರೆಯಿರಿ. ‘ಬೀಳ್ದೆ’ ಎಂದರೆ ‘ಹೌದಾ, ಬಿದ್ದೆಯಾ?’ ಎನ್ನಿ, ಅಷ್ಟೇ ತಿದ್ದುಪಡಿ ಸಾಕು. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದ, ಕರೆದರೆ ತಿರುಗಿ ನೋಡದ ಮಗುವಿದ್ದರೆ ಮಾತ್ರ ‘ತಡವಾಗಿ ಬರುತ್ತದೆ ಬಿಡಿ’ ಎಂದು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೇ ಕೆಲಸ ಮಾಡುತ್ತಿದೆ.