ಕಿಡ್ನಿ ಉಳಿಸುವ ಎರಡು ಮಿಲಿಮೀಟರ್ ಕೊಳವೆ

ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಎಂದು ಹೋದವರಿಗೆ ‘ಮೊದಲು ಸ್ಟೆಂಟ್ ಹಾಕಿಸಿ’ ಎಂದರೆ ಮನೆಯವರು ಹೌಹಾರುತ್ತಾರೆ: ‘ಹಾರ್ಟಿಗೂ ಏನಾದರೂ ಆಗಿದೆಯಾ ಡಾಕ್ಟ್ರೇ?’

ಆಗಿರುವುದು ಕಿಡ್ನಿಗೆ. ಗರ್ಭಕಂಠದ ಪಕ್ಕದಲ್ಲೇ, ಸುಮಾರು ಎರಡು ಸೆಂಟಿಮೀಟರ್ ಆಚೆ, ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳವಿದೆ. ಗಡ್ಡೆ ಬದಿಗೆ ಹಬ್ಬಿದರೆ ಈ ನಾಳ ಅಮುಕಿಹೋಗುತ್ತದೆ. ಪ್ರಾಸ್ಟೇಟ್, ಮೂತ್ರಕೋಶ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ಹೀಗಾಗಬಹುದು. ಕಲ್ಲು ಸಿಕ್ಕಿಕೊಂಡಾಗಿನಂತೆ ಒದ್ದಾಡಿಸುವ ನೋವು ಇಲ್ಲಿ ಬರಲೇಬೇಕೆಂದಿಲ್ಲ. ಊಟ ಸೇರುವುದಿಲ್ಲ, ಕಾಲು ಊದುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಏರಿರುತ್ತದೆ. ಈ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಕೊಡುವ ಸಿಸ್‌ಪ್ಲಾಟಿನ್ ಕಿಡ್ನಿಗೆ ಕಠೋರ ಔಷಧಿ. ಹಾಗಾಗಿ ಮೊದಲು ಮೂತ್ರಕ್ಕೆ ದಾರಿ ಬಿಡಿಸಬೇಕು.

ಹೀಗೆ ದಾರಿ ಬಿಡಿಸುವ ಡಿಜೆ (ಡಬಲ್ ಜೆ) ಸ್ಟೆಂಟ್ ಎಂದರೆ ಸುಮಾರು ಎರಡು ಮಿಲಿಮೀಟರ್ ದಪ್ಪದ, ಗೇಣುದ್ದಕ್ಕಿಂತ ತುಸು ಹೆಚ್ಚಿನ ಮೆದು ಕೊಳವೆ. ಎರಡೂ ತುದಿ ಸುರುಳಿ: ಒಂದು ಕಿಡ್ನಿಯೊಳಗೆ, ಇನ್ನೊಂದು ಮೂತ್ರಕೋಶದಲ್ಲಿ. ಅಮೆರಿಕದ ರಾಯ್ ಫಿನ್ನಿ 1978ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮುಂಚಿನ ನೇರ ಕೊಳವೆಗಳು ಜಾರಿಬಿಡುತ್ತಿದ್ದವು. ಹೊಟ್ಟೆ ಕೊಯ್ಯಬೇಕಿಲ್ಲ, ಮೂತ್ರದ ದ್ವಾರದಿಂದಲೇ ಏರಿಸುತ್ತಾರೆ.

ಹಾಕಿಸಿಕೊಂಡವರ ಪಾಡು ಮಾತ್ರ ಅಷ್ಟು ಸಲೀಸಲ್ಲ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಹೋಗುವಾಗ ಸೊಂಟದ ಮೇಲ್ಭಾಗ ಹಿಡಿದುಕೊಳ್ಳುತ್ತದೆ. ಓಡಾಡಿದ ದಿನ ಮೂತ್ರ ಕೆಂಪಾಗುತ್ತದೆ. ಇದನ್ನು ಮೊದಲೇ ಹೇಳಿ ಕಳಿಸಿದರೆ ಅರ್ಧ ಗಾಬರಿ ತಪ್ಪುತ್ತದೆ. ಬಹಳಷ್ಟು ಕಡೆ ಹೇಳುವುದಿಲ್ಲ.

ಕಲ್ಲಿನ ತಡೆ ನಾಳದ ಒಳಗಿನದು, ಕ್ಯಾನ್ಸರಿನದು ಹೆಚ್ಚಾಗಿ ಹೊರಗಿನಿಂದ ಬೀಳುವ ಒತ್ತಡ. ಗಡ್ಡೆ ಬೆಳೆದಂತೆ ಸ್ಟೆಂಟೂ ಸೋಲಬಹುದು. ಆಗ ಜೋಡಿ ಸ್ಟೆಂಟ್, ಲೋಹದ ಸ್ಟೆಂಟ್, ಅಥವಾ ಬೆನ್ನಿನಿಂದ ನೇರ ಕಿಡ್ನಿಗೇ ಕೊಳವೆ ಇಳಿಸುವ ಪಿಸಿಎನ್. ಸೊಂಟದಲ್ಲಿ ಆ ಕೊಳವೆಯ ಮೂತ್ರದ ಚೀಲ ನೇತುಹಾಕಿಕೊಂಡು, ಸೆರಗು ಹೊದ್ದು ಮದುವೆ ಮನೆಗೆ ಹೋಗಲು ಹೆಂಗಸರು ಹಿಂಜರಿಯುವುದು ಸಹಜ. ಆದರೂ ಕ್ರಿಯಾಟಿನಿನ್ ಇಳಿಸುವುದರಲ್ಲಿ ಈ ಚೀಲ ನಂಬಿಕಸ್ಥ.

ರೋಗ ತೀರಾ ಮುಂದುವರಿದಾಗ, ಚಿಕಿತ್ಸೆಯ ದಾರಿ ಮುಗಿದಾಗ, ಕೊಳವೆ ಹಾಕದಿರುವುದೂ ಒಂದು ನಿರ್ಧಾರವೇ. ‘ಹಾಕಿದರೆ ಇವರ ದಿನಗಳು ಹೇಗಿರುತ್ತವೆ?’ ಎಂದು ಕೇಳಲು ಮನೆಯವರು ಸಂಕೋಚಪಡಬೇಕಿಲ್ಲ.

ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಮರೆತರೆ ಬೋರ್‌ವೆಲ್ ನೀರಿನ ಪೈಪಿನಂತೆ ಅದರ ಸುತ್ತ ಗಟ್ಟಿ ಪದರ ಕಟ್ಟಿ, ತೆಗೆಯುವುದೇ ಇನ್ನೊಂದು ಆಪರೇಷನ್ ಆಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಬದಲಿಸುವ ತಾರೀಕು ಬರೆಸಿಕೊಳ್ಳಿ. ನಡುವೆ ಚಳಿ ಜ್ವರ ಬಂದರೆ ಮಾತ್ರೆ ನುಂಗಿ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.