ಹಗ್ಗವೋ, ಸರಪಳಿಯೋ

ಕಲ್ಕತ್ತದ ಗ್ರಾಂಟ್ಸ್ ಲೇನ್, 7ನೇ ನಂಬರು. ಅಲ್ಲಿದ್ದ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ 1856ರ ಮಾರ್ಚ್ 3ರಂದು ಸರ್ಕಾರಕ್ಕೊಂದು ಅರ್ಜಿ ಸಲ್ಲಿಸಿದ. ಹೊಸ ಆವಿಷ್ಕಾರಗಳಿಗೆ ವಿಶೇಷ ಹಕ್ಕು ಕೊಡುವ ಕಾಯ್ದೆ ಬಂದು ಆಗಿನ್ನೂ ವಾರ ತುಂಬಿರಲಿಲ್ಲ. ಸಾಹೇಬರ ಮನೆಗಳಲ್ಲಿ ಸೂರಿಗೆ ತೂಗುಬಿಟ್ಟ ಪಂಕಾವನ್ನು ಆಳುಗಳು ಹಗ್ಗ ಹಿಡಿದು ಎಳೆಯುತ್ತಾ ಕೂರುತ್ತಿದ್ದ ಕಾಲ ಅದು. ಆ ಕೆಲಸಕ್ಕೆ ಅವನೊಂದು ಯಂತ್ರ ಹೂಡಿದ್ದ. ಸೆಪ್ಟೆಂಬರ್ 2ರಂದು ವಿವರಣೆ, ನಕ್ಷೆಗಳನ್ನೂ ಒಪ್ಪಿಸಿದ. ಭಾರತದ ಮೊದಲ ಪೇಟೆಂಟ್ ಎಂದು ನಮ್ಮ ಪೇಟೆಂಟ್ ಕಚೇರಿ ನೆನೆಯುವುದು ಇದನ್ನೇ. ಬ್ರಿಟನ್ನಿನ ರಾಣಿಯ ಒಪ್ಪಿಗೆ ಪಡೆಯದೆ ತಂದ ಆ ಕಾಯ್ದೆ ಮರುವರ್ಷವೇ ರದ್ದಾಗಿ, 1859ರಲ್ಲಿ ಹೊಸದಾಗಿ ಬಂತು.

ಯಂತ್ರವನ್ನು ಜನ ಮರೆತರು. ಇತರರ ಆವಿಷ್ಕಾರಗಳಿಗೆ ಪೇಟೆಂಟ್ ಮಾಡಿಸಿಕೊಡುವ ಸಂಸ್ಥೆಯೊಂದರಲ್ಲಿ ಅವನ ಹೆಸರು ಉಳಿಯಿತು. ಡಿಪೆನ್ನಿಂಗ್ ಅಂಡ್ ಡಿಪೆನ್ನಿಂಗ್ ಇಂದಿಗೂ ಚೆನ್ನೈಯಲ್ಲಿ ಅದೇ ಕೆಲಸ ಮಾಡುತ್ತಿದೆ.

ನಮ್ಮ ಕಾಲದ ಎಂಜಿನಿಯರನ್ನು ಈ ದಾರಿಗೆ ಕಾನೂನೇ ಕರೆಯುತ್ತದೆ. 1970ರ ಪೇಟೆಂಟ್ ಕಾಯ್ದೆಯ 126ನೇ ಕಲಮಿನಂತೆ ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು, ಎಲ್‌ಎಲ್‌ಬಿ ಬೇಕಿಲ್ಲ. ಅದರ ಮೇಲೆ ಎರಡು ಲಿಖಿತ ಪತ್ರಿಕೆ, ಒಂದು ಮೌಖಿಕ ಪರೀಕ್ಷೆ ಪಾಸಾಗಬೇಕು.

ಎಂಜಿನಿಯರ್ ಬೆವರುವುದು ಎರಡನೇ ಪತ್ರಿಕೆಯಲ್ಲಿ, ಕ್ಲೇಮ್ ಬರೆಯುವಾಗ. ಕ್ಲೇಮ್ ಎಂದರೆ ಆವಿಷ್ಕಾರದ ಬಾಂದುಕಲ್ಲು. ಎಷ್ಟೇ ಉದ್ದವಾದರೂ ಒಂದೇ ವಾಕ್ಯದಲ್ಲಿ ಮುಗಿಯಬೇಕು. ಡಿಪೆನ್ನಿಂಗನ ಯಂತ್ರಕ್ಕೇ ಇಂದು ಕ್ಲೇಮ್ ಬರೆಯುತ್ತೇವೆ ಎಂದುಕೊಳ್ಳಿ. 'ಹಗ್ಗ' ಎಂದರೆ ನಾಳೆ ಇನ್ನೊಬ್ಬ ಸರಪಳಿ ಹಾಕಿ ಜಾರಿಕೊಳ್ಳಲು ನೋಡುತ್ತಾನೆ. 'ಎಳೆಯುವ ಯಾವುದೇ ಸಾಧನ' ಎಂದು ಹಿಗ್ಗಿಸಿದರೆ, ಇದೆಲ್ಲ ಮೊದಲೇ ಇತ್ತಲ್ಲ ಎಂದು ಪೇಟೆಂಟ್ ಕಚೇರಿ ತಕರಾರು ತೆಗೆಯುತ್ತದೆ. ಇವೆರಡರ ನಡುವಿನ ಪದ ಸಿಗಬೇಕಾದರೆ ಯಾವ ಭಾಗ ಕಿತ್ತರೆ ಯಂತ್ರ ನಿಲ್ಲುತ್ತದೆ, ಯಾವುದನ್ನು ಬದಲಿಸಿದರೂ ಓಡುತ್ತದೆ ಎಂಬುದು ಗೊತ್ತಿರಬೇಕು. ವರ್ಕ್‌ಶಾಪಿನಲ್ಲಿ ಕೈ ಮಸಿ ಮಾಡಿಕೊಂಡವರಿಗೆ ಬರುವ ಈ ತಿಳಿವಳಿಕೆಗೆ ನಾನು ದೊಡ್ಡ ಬೆಲೆ ಕೊಡುತ್ತೇನೆ. ಬೆಂಗಳೂರಿನ ಸಾಫ್ಟ್‌ವೇರ್‌ನವರಿಗೆ ಇನ್ನೊಂದು ತೊಡಕಿದೆ: 3(ಕೆ) ಕಲಮಿನ ಪ್ರಕಾರ ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ, ಅಲ್ಗಾರಿದಮ್ಮಿಗೆ ಪೇಟೆಂಟ್ ಇಲ್ಲ. ಕೋಡಿನಾಚೆ ಏನು ಸುಧಾರಿಸಿತು ಎಂದು ತೋರಿಸಬೇಕಾಗುತ್ತದೆ.

ಏಜೆಂಟರ ಮಾತು ನಡೆಯುವುದು ಪೇಟೆಂಟ್ ಕಚೇರಿಯಲ್ಲಿ. ಕರ್ನಾಟಕದವರಿಗೆ ಅದು ಚೆನ್ನೈ ಕಚೇರಿ. ಹೈಕೋರ್ಟಿನಲ್ಲಿ ನಿಂತು ವಾದಿಸಬೇಕಾದರೆ ಕರಿಕೋಟು ಬೇಕು. ಅದಕ್ಕಾಗಿ ಕೆಲವರು ಮೂವತ್ತು ದಾಟಿದ ಮೇಲೂ ಮೂರು ವರ್ಷದ ಎಲ್‌ಎಲ್‌ಬಿ ಸೇರಿ, ತಮಗಿಂತ ಹತ್ತು ವರ್ಷ ಚಿಕ್ಕವರ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ.