ಮೊದಲು ದಬ್ಬಣ, ಆಮೇಲೆ ಬಣ್ಣ



ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹಳೆಯ ಮಾಳಿಗೆ ಮನೆಗಳು ಇನ್ನೂ ಇವೆ. ಕಟ್ಟಿಗೆಯ ಕಂಬ. ಕಂಬದ ಮೇಲೆ ತೊಲೆ. ತೊಲೆಯ ಮೇಲೆ ಜಂತಿ. ಎಲ್ಲದರ ಮೇಲೆ ಮಣ್ಣು. ಒಳಗಿನ ತೊಲೆ ನೆರಳಲ್ಲಿ ಇರುತ್ತದೆ. ಹೊರಗಿನ ತೊಲೆಗೂ ಜಂತಿಯ ತುದಿಗೂ ಬಿಸಿಲು, ಮಳೆ ಬಡಿಯುತ್ತವೆ. ಕಟ್ಟಿಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿರುಕು ಬಿಡುತ್ತದೆ.

ಹಬ್ಬ ಬಂತು, ಮದುವೆ ಬಂತು ಅಂದರೆ ಗೋಡೆಗೆ ಸುಣ್ಣ ಬಳಿಯುತ್ತೇವೆ. ತೊಲೆಗೂ ಬಣ್ಣ ಹಚ್ಚುತ್ತೇವೆ. ಮನೆ ಚೆಂದ ಕಾಣಬೇಕು, ಖರೆ. ಆದರೆ ಬಣ್ಣ ಕೊಳೆತ ಕಟ್ಟಿಗೆಯನ್ನು ಗಟ್ಟಿ ಮಾಡುವುದಿಲ್ಲ. ಮುಚ್ಚಿಡುತ್ತದೆ, ಅಷ್ಟೆ. ಮಳೆಗೆ ಮಾಳಿಗೆಯ ಮಣ್ಣು ನೆನೆದು ಭಾರ ಆಗುತ್ತದೆ. ಟೊಳ್ಳು ತೊಲೆ ಆ ಭಾರ ತಡೆಯುವುದಿಲ್ಲ. ಅದರ ಕೆಳಗೆ ನಮ್ಮ ಮಕ್ಕಳು ಮಲಗಿರುತ್ತಾರೆ.

ಪರೀಕ್ಷೆ ಹೇಗೆ?

ಕೌದಿ ಹೊಲಿಯುವ ದಬ್ಬಣ ತಗೊಳ್ಳಿ. ತೊಲೆಗೆ ಅಲ್ಲಲ್ಲಿ ಚುಚ್ಚಿ ನೋಡಿ. ತೊಲೆ ಗೋಡೆಗೆ ಸೇರುವ ಕಡೆ, ಜಂತಿಯ ತುದಿ ಮರೆಯಬೇಡಿ. ಗಟ್ಟಿ ಕಟ್ಟಿಗೆಯಲ್ಲಿ ದಬ್ಬಣ ಇಳಿಯುವುದಿಲ್ಲ. ಸಲೀಸಾಗಿ ಇಳಿದರೆ ಕಟ್ಟಿಗೆ ಕೆಟ್ಟಿದೆ. ಕೋಲಿನಿಂದ ಬಡಿದು ಸಪ್ಪಳ ಕೇಳಿ. ಟೊಳ್ಳು ಸಪ್ಪಳ ಬಂದರೆ ಅದರ ಕೆಳಗೆ ಮಲಗಬೇಡಿ. ಬಡಿಗೇರರನ್ನು ಕರೆಸಿ ಆಸರೆ ಕಂಬ ಕೊಡಿಸಿ.

ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲಿನ ದಾರಿ. ನೆಲದಿಂದ ಅದು ಹೀಗೆ ಹತ್ತುತ್ತದೆ. ಗೆರೆ ಕೆರೆದು ಬಿಟ್ಟರೆ ಸಾಲದು, ಮತ್ತೆ ಕಟ್ಟುತ್ತದೆ. ತಿಳಿದವರಿಂದ ಬುಡಕ್ಕೇ ಔಷಧ ಹಾಕಿಸಿ. ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯ ಕಟ್ಟಿಗೆಗೆ ಬಳಿಯಬೇಡಿ. ಅದು ವಿಷ.

ತುದಿ ಯಾಕೆ ಬೇಗ ಕೊಳೆಯುತ್ತದೆ?

ಕಟ್ಟಿಗೆಯೊಳಗೆ ಸಣ್ಣ ಸಣ್ಣ ನಳಿಗೆಗಳಿವೆ. ಮರ ಹಸಿರಿದ್ದಾಗ ನೀರು ಅವುಗಳಲ್ಲೇ ಮೇಲೆ ಏರುತ್ತಿತ್ತು. ಕಡಿದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ಮಳೆ ನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಅದಕ್ಕೆ ತುದಿಗೆ ಒಂದು ಕೈ ಹೆಚ್ಚೇ ಹಚ್ಚಬೇಕು.

ಬಣ್ಣ ಹಚ್ಚುವ ಕ್ರಮ

1. ಬೇಸಿಗೆಯಲ್ಲಿ, ಕಟ್ಟಿಗೆ ಪೂರ್ತಿ ಒಣಗಿದಾಗ ಹಚ್ಚಿ. ಹಸಿ ಕಟ್ಟಿಗೆಯ ಮೇಲೆ ಬಣ್ಣ ಗುಳ್ಳೆ ಏಳುತ್ತದೆ.
2. ಹಳೆಯ ಬಣ್ಣವನ್ನು ನೀರು ಚಿಮುಕಿಸಿ ಕೆರೆಯಿರಿ. ಅದರಲ್ಲಿ ಸೀಸ ಇರಬಹುದು. ಮನೆಯ ಬಣ್ಣದ ಸೀಸಕ್ಕೆ ಬಿಗಿ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳನ್ನು ದೂರ ಇಡಿ.
3. ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ.
4. ಮೊದಲು ಪ್ರೈಮರ್. ಆಮೇಲೆ ಎರಡು ಸಲ ಆಯಿಲ್ ಪೇಂಟ್.

ಕಟ್ಟಿಗೆಯ ಬಣ್ಣವೇ ಕಾಣಬೇಕು ಅಂದರೆ ಪೇಂಟಿನ ಬದಲು ಅಗಸೆ ಎಣ್ಣೆ ತೆಳ್ಳಗೆ ತಿಕ್ಕಬಹುದು. ಆದರೆ ಎಚ್ಚರ! ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತಾನೇ ಕಾದು ಬೆಂಕಿ ಹತ್ತಬಹುದು. ಅದನ್ನು ನೀರಲ್ಲಿ ನೆನೆಸಿ ಬಯಲಲ್ಲಿ ಹರವಿ.

ಕೆಲವರು ಜಂತಿಯ ತುದಿ ಕಾಣದಂತೆ ಮುಂದೆ ಹಲಗೆ ಹೊಡೆಸುತ್ತಾರೆ. ನೋಡಲು ಚೆಂದ. ಹಲಗೆ ಮತ್ತು ತುದಿಯ ನಡುವೆ ಬೆರಳಷ್ಟು ಸಂದು ಬಿಡಿಸಿ. ಗಾಳಿ ಆಡಿದರೆ ನೀರು ಒಣಗುತ್ತದೆ.

ನೀವೂ ಮಾಡಿ: ನಿಮ್ಮ ಮನೆಯ ತೊಲೆ, ಜಂತಿ ಎಷ್ಟು ಎಣಿಸಿ ಬರೆಯಿರಿ. ದಬ್ಬಣ ಇಳಿದ ಕಡೆ ಸುಣ್ಣದಿಂದ ಗುರುತು ಹಾಕಿ. ಬಡಿಗೇರರು ಬಂದಾಗ ತೋರಿಸಿ.